ಕಾಶಿಗೆ ಅಪ್ಪ-ಅಮ್ಮನ ಜೊತೆ: ರೂಮು ವಿಶ್ವನಾಥ ಗಲ್ಲಿಯಲ್ಲಾ, ಅಸ್ಸಿಯಲ್ಲಾ, ಕಂಟೋನ್ಮೆಂಟಲ್ಲಾ?

ನೇರಳೆಮರ:
ನಮಸ್ಕಾರ. ನವೆಂಬರ್ ಕೊನೇ ವಾರ ಅಪ್ಪ-ಅಮ್ಮನ್ನ ಕಾಶಿಗೆ ಕರ್ಕೊಂಡು ಹೋಗ್ಬೇಕು ಅಂತಿದ್ದೀನಿ. ಬೆಂಗಳೂರಿಂದ ನೇರ ವಿಮಾನ ಇದೆ, ಅದರಲ್ಲೇ. ಅಪ್ಪನಿಗೆ 71, ದಿನಾ ಬೆಳಿಗ್ಗೆ ಲಾಲ್‌ಬಾಗ್ ಸುತ್ತು ಹಾಕೋರು, ಅವರ ಚಿಂತೆ ಇಲ್ಲ. ಅಮ್ಮನಿಗೆ ಮಂಡಿ ನೋವು. ನೆಲ ಸಮ ಇದ್ರೆ ನಿಧಾನಕ್ಕೆ ಎಷ್ಟು ದೂರ ಬೇಕಾದ್ರೂ ನಡೀತಾರೆ, ಮೆಟ್ಟಿಲು ಕಂಡ್ರೆ ಮುಖ ಸಣ್ಣ ಮಾಡ್ಕೋತಾರೆ. ದೊಡ್ಡ ಹೋಟೆಲಿನ ಗತ್ತು ಇಬ್ಬರಿಗೂ ಹಿಡಿಸಲ್ಲ. ಹತ್ತು-ಹದಿನೈದು ರೂಮಿನ, ಮನೆಯವರೇ ನಡೆಸೋ ಥರದ್ದು, ರಾತ್ರಿಗೆ 3000ದೊಳಗೆ ಸಿಕ್ಕಿದ್ರೆ ಸಾಕು.

ಮೂರು ಕಡೆ ಗುರುತು ಹಾಕಿದ್ದೀನಿ. ಒಂದು ವಿಶ್ವನಾಥ ಗಲ್ಲಿಯೊಳಗೆ, "ದೇವಸ್ಥಾನಕ್ಕೆ 4 ನಿಮಿಷ" ಅಂತ ಹಾಕಿದ್ದಾರೆ. ಇನ್ನೊಂದು ಅಸ್ಸಿ ಘಾಟ್ ಹಿಂದೆ. ಮೂರನೇದು ಕಂಟೋನ್ಮೆಂಟ್ ಕಡೆ, ಲಿಫ್ಟ್ ಇದೆ, ಕಾರು ಬಾಗಿಲಿಗೇ ಬರತ್ತೆ. ಮ್ಯಾಪ್ ನೋಡಿದ್ರೆ ಮೊದಲನೇದೇ ಎಲ್ಲಕ್ಕೂ ಹತ್ತಿರ. ಅದನ್ನೇ ಬುಕ್ ಮಾಡ್ಲಾ?

ಮಲ್ಲಿಗೆಪುರ:
ದುಡ್ಡು ಕಟ್ಟೋಕೆ ಮುಂಚೆ ಅವರಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: "ನಮ್ಮ ಆಟೋ ಎಲ್ಲಿ ನಿಲ್ಲತ್ತೆ?" ದೇವಸ್ಥಾನಕ್ಕೆ ಎಷ್ಟು ದೂರ ಅಂತ ಆಮೇಲೆ ನೋಡ್ಕೊಂಡ್ರಾಯ್ತು. ಮೈದಾಗಿನ್‌ನಿಂದ ಗೋದೌಲಿಯಾವರೆಗಿನ ರಸ್ತೆಯಲ್ಲಿ ಗಾಡಿಗಳಿಗೆ ನಿರ್ಬಂಧ. ಗೋದೌಲಿಯಾ ಚೌಕದಿಂದ ದಶಾಶ್ವಮೇಧ ಘಾಟಿನ ಕಡೆಗೆ ನಡಿಗೆಯೇ ಗತಿ. ಆ ಚೌಕದಲ್ಲಿ ಸೂಟ್‌ಕೇಸ್ ಇಳಿಸ್ಕೊಂಡು, ಸಂಜೆ ಆರತಿಗೆ ಹೋಗೋ ಜನಸಾಗರದೊಳಗೆ ಅಮ್ಮನ ಕೈ ಹಿಡ್ಕೊಂಡು ನಡೆಯೋದನ್ನ ಸ್ವಲ್ಪ ಊಹಿಸ್ಕೊಳ್ಳಿ. ಆಮೇಲೆ ಗಲ್ಲಿ. ಅಲ್ಲಿ ಚಕ್ರದ ಸೂಟ್‌ಕೇಸ್ ಎಳೆಯೋಕಾಗಲ್ಲ, ಹಾಸುಗಲ್ಲಿನ ಸಂದಿಗೆ ಚಕ್ರ ಸಿಕ್ಕೊಳ್ಳತ್ತೆ. ಎದುರಿಗೆ ಗೂಳಿ ಬಂದ್ರೆ ಯಾರದೋ ಮನೆ ಜಗಲಿ ಹತ್ತಿ ನಿಲ್ಬೇಕು. ಹಿಂದಿಂದ ಬೈಕ್ ಹಾರ್ನ್ ಬೇರೆ.

ಅವರು ಹೇಳೋ 4 ನಿಮಿಷ ಸುಳ್ಳಲ್ಲ. ಅದು ಆ ಹೋಟೆಲಿನ ಹುಡುಗನ ನಡಿಗೆ.

ಫೇಡಾ_ಪ್ರೇಮಿ:
ನೋಡ್ರಿ, ನೀವು ಸುಮ್ಮನ ಹೋಟೆಲ್ ಹುಡುಕಾಕತ್ತೀರಿ. ಜಂಗಮವಾಡಿ ಮಠ ಯಾಕ ಬ್ಯಾಡ? ಗೋದೌಲಿಯಾದಿಂದ ಮದನಪುರದ ಕಡೆ ಹೋಗೋ ದೊಡ್ಡ ರಸ್ತಾಕ್ಕ ಹತ್ತಿಕೊಂಡ ಐತಿ. ವೀರಶೈವರ ಪಂಚಪೀಠದಾಗ ಕಾಶಿ ಪೀಠ ಅಂದ್ರ ಅದ. ನಮ್ಮ ಕಡಿಂದ ಹೋದವರು ಭಾಳ ಮಂದಿ ಅಲ್ಲೇ ಇಳೀತಾರ. ಕನ್ನಡ ತಿಳಿಯೋರು ಇರ್ತಾರ, ಮರಾಠಿ ತಿಳಿಯೋರೂ ಇರ್ತಾರ. ಒಳಗ ಹೋದ್ರ ಎಲ್ಲಿ ನೋಡಿದ್ರಲ್ಲಿ ಸಣ್ಣ ಸಣ್ಣ ಲಿಂಗ, ಸಾಲ ಹಚ್ಚಿ ಇಟ್ಟಾರ. ತೀರಿಹೋದವರ ಹೆಸರಿಲೆ ಮನಿ ಮಂದಿ ಕೊಟ್ಟದ್ದು ಅವು. ನಮ್ಮ ಅಜ್ಜನ ಹೆಸರಿಂದೂ ಒಂದು ಐತಿ ಅಂತ ಅಪ್ಪ ಹೇಳ್ತಿದ್ರು, ಅಷ್ಟರಾಗ ಯಾವುದು ಅಂತ ಯಾರಿಗೆ ಸಿಗತೈತ್ರಿ!

ರೂಮು ಸಾದಾ. ಟಿವಿ ಗಿವಿ ಕೇಳಬ್ಯಾಡ್ರಿ. ಆದ್ರ ನಡು ಊರಾಗ, ದೊಡ್ಡ ರಸ್ತಾದ ಮಗ್ಗಲಕ್ಕ, ಇದಕಿಂತ ಛಲೋ ಜಾಗಾ ಹುಡುಕಿ ತೋರಸ್ರಿ.

ನೇರಳೆಮರ:
ಮಠ-ಛತ್ರ ಅಂದ್ರೆ ಅಪ್ಪ ಖುಷಿಯಿಂದ ಬರ್ತಾರೆ. ಅಮ್ಮನಿಗೆ ಬಾತ್‌ರೂಮ್ ರೂಮಿಗೆ ಅಂಟಿಕೊಂಡೇ ಇರ್ಬೇಕು, ವೆಸ್ಟರ್ನ್ ಕಮೋಡೇ ಆಗ್ಬೇಕು. ಆ ಖಾತ್ರಿ ಸಿಗತ್ತಾ?

ಫೇಡಾ_ಪ್ರೇಮಿ:
ಅದನ್ನ ಫೋನ್ ಮಾಡೇ ಕೇಳ್ರಿ. ಛತ್ರದಾಗ ಎಲ್ಲಾ ರೂಮೂ ಒಂದ ಥರ ಇರಂಗಿಲ್ಲ, ಯಾವುದು ಖಾಲಿ ಇರತೈತೋ ಅದು.

ಕಡಲತಡಿ:
ಎಂತಕ್ಕೆ ಇಷ್ಟು ತಲೆಬಿಸಿ ಮಾರಾಯ್ರೆ, ಅಸ್ಸಿ ಹಿಡೀರಿ. ರಸ್ತೆ ಹೆಚ್ಚುಕಮ್ಮಿ ಘಾಟಿನ ತಲೆಯವರೆಗೂ ಬರ್ತದೆ. ಬೆಳಿಗ್ಗೆ ಬೇಗ ಎದ್ದು ಹೊರಗೆ ಬಂದ್ರೆ ಅಲ್ಲೇ ಸುಬಹ್-ಎ-ಬನಾರಸ್, ಅಂದ್ರೆ ಆರತಿ, ಸಂಗೀತ, ಯೋಗ ಎಲ್ಲ ಉಂಟು. ಕೂತ್ಕೊಂಡು ನೋಡ್ಬಹುದು. ಸಂಜೆಗೂ ಅಲ್ಲಿ ಆರತಿ ಉಂಟು, ದಶಾಶ್ವಮೇಧದಷ್ಟು ನೂಕುನುಗ್ಗಲು ಇಲ್ಲ. ನಾವು ಅತ್ತೆಯನ್ನು ಕರ್ಕೊಂಡು ಹೋದಾಗ ಅಲ್ಲೇ ಉಳಿದದ್ದು. ಅವರು ದಿನವಿಡೀ ಆ ಕಟ್ಟೆಯಲ್ಲಿ ಕೂತು ಚಹಾ ಕುಡ್ಕೊಂಡು ಬಂದವರನ್ನೆಲ್ಲ ಮಾತಾಡಿಸ್ತಾ ಇದ್ರು. ಹಿಂದಿ ಒಂದಕ್ಷರ ಬರುವುದಿಲ್ಲ ಅವರಿಗೆ!

ದೊಡ್ಡ ಆರತಿ ನೋಡ್ಲೇಬೇಕು ಅಂದ್ರೆ ಅಸ್ಸಿಯಿಂದಲೇ ದೋಣಿ ಮಾಡಿ. ನದಿಯಿಂದಲೇ ನೋಡಿ, ಅದೇ ದೋಣಿಯಲ್ಲಿ ವಾಪಸ್ ಬನ್ನಿ.

ಕ್ಯಾಮೆರಾ_ಕಣ್ಣು:
ಇಷ್ಟು ದೂರ ಹೋಗಿ ಗಂಗೆ ಕಾಣದ ರೂಮಿಗೆ ಯಾಕೆ ದುಡ್ಡು ಕೊಡ್ಬೇಕು? ನನ್ನ ಓಟು ಘಾಟಿನ ಮೇಲಿರೋ ಹಳೇ ಕಟ್ಟಡಗಳಿಗೆ. ಘಾಟುಗಳೆಲ್ಲ ಪಶ್ಚಿಮ ದಡದಲ್ಲಿವೆ, ಎದುರು ದಡ ಬರೀ ಮರಳು, ಸೂರ್ಯ ಸೀದಾ ಕಿಟಕಿಯೊಳಗೇ ಹುಟ್ತಾನೆ. ಹಾಸಿಗೆ ಮೇಲೆ ಕೂತು ನೋಡ್ಬಹುದು. ಮಂಡಿ ನೋವಿರೋರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ?

ಮಲ್ಲಿಗೆಪುರ:
@ಕ್ಯಾಮೆರಾ_ಕಣ್ಣು ಆ ಹಾಸಿಗೆ ಮೂರನೇ ಮಹಡಿಯಲ್ಲಿರತ್ತಲ್ಲ ಸ್ವಾಮಿ. ಹಳೇ ಕಟ್ಟಡ, ಲಿಫ್ಟ್ ಇಲ್ಲ, ಮೆಟ್ಟಿಲು ಒಂದೊಂದೂ ಮೊಣಕಾಲುದ್ದ.

ಬನಾರಸ್_ಬಾಡಿಗೆಮನೆ:
ಬಿಎಚ್‌ಯುನಲ್ಲಿ (ಬನಾರಸ್ ಹಿಂದೂ ವಿಶ್ವವಿದ್ಯಾಲಯ) ಓದೋಕೆ ಬಂದವನು, ಇಲ್ಲೇ ಉಳ್ಕೊಂಡಿದ್ದೀನಿ. ಊರಿಂದ ಯಾರು ಬಂದ್ರೂ ರೂಮು ಹುಡುಕೋ ಕೆಲಸ ನನ್ನ ತಲೆ ಮೇಲೇ ಬೀಳತ್ತೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಊರಿನ ಆಕಾರ ತಲೇಲಿಟ್ಕೊಳ್ಳಿ. ಗಂಗೆ ಇಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಿಲ್ಲಿನ ಹಾಗೆ ಬಾಗಿ ಹರೀತಾಳೆ. ದಕ್ಷಿಣದ ತುದಿ ಅಸ್ಸಿ. ಅಲ್ಲಿಂದ ತುಳಸಿ ಘಾಟ್, ಶಿವಾಲಾ, ಹನುಮಾನ್ ಘಾಟ್, ಕರ್ನಾಟಕ ಘಾಟ್, ಹರಿಶ್ಚಂದ್ರ, ಕೇದಾರ ದಾಟಿ ದಶಾಶ್ವಮೇಧ. ಅದರಾಚೆ ಲಲಿತಾ, ಮಣಿಕರ್ಣಿಕಾ. ವಿಶ್ವನಾಥ ಇರೋದು ದಶಾಶ್ವಮೇಧ, ಮಣಿಕರ್ಣಿಕಾ ನಡುವಿನ ಆ ಕಡೆ. ಇನ್ನೂ ಉತ್ತರಕ್ಕೆ ರಾಜಘಾಟ್, ಪಕ್ಕದಲ್ಲೇ ಹೊಸ ನಮೋ ಘಾಟ್. ಈ ನದಿಗೆ ಸಮನಾಗಿ ಒಳಗಡೆ ಒಂದು ದೊಡ್ಡ ರಸ್ತೆ ಇದೆ: ಗೋದೌಲಿಯಾ, ಮದನಪುರ, ಸೋನಾರಪುರ, ಅಸ್ಸಿ. ಆಟೋ, ಇ-ರಿಕ್ಷಾ ಓಡಾಡೋದು ಅದರ ಮೇಲೆ. ಆ ರಸ್ತೆಗೂ ನದಿಗೂ ನಡುವೆ ಇರೋದೆಲ್ಲ ಗಲ್ಲಿ. ನೀವು ನೋಡ್ತಿರೋ ಹೋಟೆಲ್ ಆ ರಸ್ತೆಯಿಂದ ಎಷ್ಟು ಒಳಗಿದೆ ಅನ್ನೋದರ ಮೇಲೆ ನಿಮ್ಮ ಅಮ್ಮನ ದಿನ ಹೇಗಿರತ್ತೆ ಅನ್ನೋದು ನಿಂತಿದೆ.

ಇನ್ನು ಯಾರೂ ಹೇಳದ ಜಾಗ: ಸೋನಾರಪುರ. ಹನುಮಾನ್ ಘಾಟಿಂದ ಕೇದಾರ ಘಾಟ್‌ವರೆಗಿನ ಕೇರಿ ಹಳೇ ಕಾಲದಿಂದಲೂ ದಕ್ಷಿಣದವರದ್ದು. ತಮಿಳರು, ತೆಲುಗರು, ನಮ್ಮವರು. ಬೋರ್ಡುಗಳಲ್ಲಿ ದಕ್ಷಿಣದ ಲಿಪಿಗಳು ಕಾಣ್ತವೆ. ಇಡ್ಲಿ ಸಿಗತ್ತೆ. ನಗ್ಬೇಡಿ, ಕಚೌರಿ-ಜಿಲೇಬಿ ಎಷ್ಟೇ ಚೆನ್ನಾಗಿದ್ರೂ ಎರಡನೇ ದಿನ ಬೆಳಿಗ್ಗೆ ಅಪ್ಪ-ಅಮ್ಮ ಇಡ್ಲಿ ಕೇಳೇ ಕೇಳ್ತಾರೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿಸಿದ ಘಾಟೇ ಇವತ್ತಿನ ಕರ್ನಾಟಕ ಘಾಟ್, ಆ ಕಡೆಯೇ ನಮ್ಮ ಮುಜರಾಯಿ ಇಲಾಖೆಯ ಛತ್ರವೂ ಇದೆ. ಪಕ್ಕದಲ್ಲಿ ವಿಜಯನಗರಂ ಘಾಟ್ ಅಂತ ಇನ್ನೊಂದಿದೆ. ಬಂದವರೆಲ್ಲ ಹಂಪಿಯ ಅರಸರು ಕಟ್ಟಿಸಿದ್ದು ಅಂತ ಫೋಟೋ ತೆಗೆಸ್ಕೊಳ್ತಾರೆ, ಅದು ಆಂಧ್ರದ ವಿಜಯನಗರಂ ರಾಜರದ್ದು!

ಸೋನಾರಪುರ ರಸ್ತೆಯಿಂದ ಒಂದೇ ತಿರುವಿನೊಳಗೆ ಇರೋ ಗೆಸ್ಟ್‌ಹೌಸ್ ಹುಡುಕಿ. ವಿಶ್ವನಾಥನ ದರ್ಶನಕ್ಕೆ ಇ-ರಿಕ್ಷಾದಲ್ಲಿ ಗೋದೌಲಿಯಾ, ಅಲ್ಲಿಂದ ನಡಿಗೆ. ಕೇದಾರೇಶ್ವರನಿಗೆ ಗಲ್ಲಿ ಕಡೆಯಿಂದಲೇ ಬಾಗಿಲಿದೆ. ಘಾಟಿನ ಆ ಕೆಂಪು-ಬಿಳಿ ಪಟ್ಟೆಯ ಕಡಿದಾದ ಮೆಟ್ಟಿಲನ್ನ ಅಮ್ಮ ಮೇಲೆ ನಿಂತು ನೋಡಿದ್ರೆ ಸಾಕು, ಹತ್ತಬೇಕಾಗಿಲ್ಲ.

ಕ್ಯಾಮೆರಾ_ಕಣ್ಣು:
ಸೋನಾರಪುರ ಅಂದ್ರೆ ಹರಿಶ್ಚಂದ್ರ ಘಾಟ್ ಪಕ್ಕ. ಹಗಲು ರಾತ್ರಿ ಚಿತೆ ಉರೀತಿರತ್ತೆ, ಗಾಳಿ ಈ ಕಡೆ ಬಂದ್ರೆ ಹೊಗೆ ಬರತ್ತೆ. ವಯಸ್ಸಾದವರಿಗೆ ಮನಸ್ಸಿಗೆ ಹೇಗಾಗತ್ತೋ. ಅದನ್ನೂ ಹೇಳ್ಬೇಕು ನೀವು.

ಬನಾರಸ್_ಬಾಡಿಗೆಮನೆ:
ನ್ಯಾಯವಾದ ಮಾತು. ಹರಿಶ್ಚಂದ್ರ ಘಾಟಿಗೆ ಇಳಿಯೋ ದಾರಿಯಲ್ಲೇ ರೂಮು ಬೇಡ. ಕೇದಾರದ ಕಡೆಗೋ ಹನುಮಾನ್ ಘಾಟ್ ಕಡೆಗೋ ಸರಿದ್ರೆ ಅಷ್ಟು ಗೊತ್ತಾಗಲ್ಲ. ಹಾಗೆ ನೋಡಿದ್ರೆ ವಿಶ್ವನಾಥ ಗಲ್ಲಿ ಹಿಡಿದವರಿಗೂ ಮಣಿಕರ್ಣಿಕಾ ಹತ್ತಿರವೇ. ಅಲ್ಲಿ ಗಲ್ಲಿಯಲ್ಲೇ "ರಾಮ್ ನಾಮ್ ಸತ್ಯ ಹೈ" ಅಂತ ಹೆಣ ಹೊತ್ಕೊಂಡು ಹೋಗ್ತಿರ್ತಾರೆ, ನೀವು ಗೋಡೆಗೆ ಒರಗಿ ದಾರಿ ಬಿಡ್ಬೇಕು.

ನೇರಳೆಮರ:
ಅಪ್ಪನಿಗೆ ಇದನ್ನ ಓದಿ ಹೇಳ್ದೆ. "ಕಾಶಿಗೆ ಹೋಗಿ ಹೆಣಕ್ಕೆ ಹೆದರಿದ್ರೆ ಧರ್ಮಸ್ಥಳಕ್ಕೆ ಹೋಗಿ ಬರೋಣ ಬಿಡು" ಅಂದ್ರು. ಅಮ್ಮ ಏನೂ ಹೇಳಲಿಲ್ಲ, ಕೇದಾರದ ಕಡೆಗೇ ನೋಡು ಅಂದ್ರು.

ಒಂದು ಅನುಮಾನ. ಮೊನ್ನೆ 2800 ಇದ್ದ ರೂಮು ಈಗ ನನ್ನ ತಾರೀಕಿಗೆ 9500 ತೋರಿಸ್ತಿದೆ. ಕಂಟೋನ್ಮೆಂಟಿನದೂ ಏರಿದೆ. ಆಪ್ ಏನಾದ್ರೂ ಆಟ ಆಡ್ತಿದೆಯಾ?

ಮಲ್ಲಿಗೆಪುರ:
ತಾರೀಕು ಯಾವುದು?

ನೇರಳೆಮರ:
22ರಿಂದ 26.

ಬನಾರಸ್_ಬಾಡಿಗೆಮನೆ:
ಅಯ್ಯೋ! 2026ರ ಕಾರ್ತಿಕ ಹುಣ್ಣಿಮೆ ನವೆಂಬರ್ 24. ಅವತ್ತು ದೇವ ದೀಪಾವಳಿ. ಘಾಟುಗಳ ಉದ್ದಕ್ಕೂ ದೀಪ, ಊರು ತುಂಬ ಜನ, ದೋಣಿಗೆ ಬಾಯಿಗೆ ಬಂದ ರೇಟು. ಆಪ್ ಅಲ್ಲ, ಊರೇ ಏರಿಸಿದೆ. ನೋಡೋಕೆ ಎರಡು ಕಣ್ಣು ಸಾಲದು, ಒಪ್ತೀನಿ. ಆದ್ರೆ ಆ ಸಂಜೆ ಮಂಡಿ ನೋವಿರೋರನ್ನ ಘಾಟಿಗೆ ಇಳಿಸೋ ಧೈರ್ಯ ನನಗಿಲ್ಲ, ಪೊಲೀಸರು ಎಲ್ಲೆಲ್ಲಿ ರಸ್ತೆ ಮುಚ್ಚಿರ್ತಾರೆ ಅನ್ನೋದೂ ಗೊತ್ತಾಗಲ್ಲ. ಡಿಸೆಂಬರ್ ಮೊದಲ ವಾರಕ್ಕೆ ತಳ್ಳಿ. ಚಳಿ ಹಿತವಾಗಿರತ್ತೆ, ಮಲೈಯೋ ಶುರುವಾಗಿರತ್ತೆ. ಮಣ್ಣಿನ ಕುಡಿಕೆಯಲ್ಲಿ ಕೇಸರಿ ಹಾಲಿನ ನೊರೆ, ಬಾಯಿಗಿಟ್ರೆ ಕರಗತ್ತೆ, ಅಮ್ಮನಿಗೆ ತಪ್ಪದೇ ಕೊಡಿಸಿ. ಡಿಸೆಂಬರ್ ಕೊನೆ, ಜನವರಿ ಮಾತ್ರ ಬೇಡ. ಮಂಜು ಕವಿದ್ರೆ ವಿಮಾನವೂ ತಡ, ರೈಲೂ ತಡ.

ಇದೇ ಥರ ಶಿವರಾತ್ರಿ, ಶ್ರಾವಣ ಸೋಮವಾರ ನೋಡಿಕೊಂಡೇ ತಾರೀಕು ಹಾಕಿ. 2025ರಲ್ಲಿ ಪ್ರಯಾಗದ ಮಹಾಕುಂಭದ ಜನ ಇಲ್ಲಿಗೂ ಬಂದಾಗ ಗೋದೌಲಿಯಾದಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಮಳೆಗಾಲದಲ್ಲಿ ಗಂಗೆ ಏರಿದ್ರೆ ಘಾಟುಗಳೇ ಮುಳುಗ್ತವೆ, ದೋಣಿ ನಿಲ್ಲಿಸ್ತಾರೆ. ಆಗ "ಗಂಗಾ ವ್ಯೂ" ಅಂದ್ರೆ ಕಿಟಕಿ ಕೆಳಗೇ ಗಂಗೆ.

ಕಡಲತಡಿ:
"ಗಂಗಾ ವ್ಯೂ" ಅಂದದ್ದಕ್ಕೆ ನೆನಪಾಯ್ತು. ಒಂದು ಕಡೆ (ಹೆಸರು ಬೇಡ) ಹಾಗೆ ಬರೆದದ್ದನ್ನು ನೋಡಿ ಬುಕ್ ಮಾಡಿದ್ದೆವು. ರೂಮಿನ ಕಿಟಕಿ ತೆಗೆದ್ರೆ ಎದುರು ಮನೆಯ ಗೋಡೆ, ಕೈ ಚಾಚಿದ್ರೆ ತಾಗ್ತದೆ. ವ್ಯೂ ಎಲ್ಲುಂಟು ಅಂತ ಕೇಳಿದ್ರೆ ತಾರಸಿಗೆ ಕರ್ಕೊಂಡು ಹೋದ. ಅಲ್ಲಿಯೂ ಸುತ್ತ ಕಬ್ಬಿಣದ ಜಾಲರಿ, ಕೋತಿ ಕಾಟಕ್ಕೆ. ನಾವು ಪಂಜರದೊಳಗೆ, ಕೋತಿಗಳು ಹೊರಗಿಂದ ನಮ್ಮನ್ನು ನೋಡುವುದು. ರೂಮಿನಿಂದಲೇ ಕಾಣ್ತದಾ, ತಾರಸಿಯಿಂದಲಾ ಅಂತ ಬಿಡಿಸಿ ಕೇಳಿ.

ಹೊಸಬೆಳಕು:
ನಡುವೆ ಬಾಯಿ ಹಾಕ್ತಿದ್ದೀನಿ. ಕಂಟೋನ್ಮೆಂಟ್ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ?

ಮಲ್ಲಿಗೆಪುರ:
ಅಗಲ ರಸ್ತೆ, ಲಿಫ್ಟು, ಒಳ್ಳೇ ಗೀಸರು. ಘಾಟಿಗೆ ಐದಾರು ಕಿಲೋಮೀಟರ್, ಸಂಜೆ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆಯೂ ಆಗ್ಬಹುದು. ಮಧ್ಯಾಹ್ನ ಅಮ್ಮನಿಗೆ ಒಂದರ್ಧ ಗಂಟೆ ಒರಗ್ಬೇಕು ಅನ್ಸಿದ್ರೆ ರೂಮಿಗೆ ಹೋಗಿ ಬರೋಕಾಗಲ್ಲ. ಸಾರನಾಥ, ವಿಮಾನ ನಿಲ್ದಾಣ ಅಂತಲೇ ಓಡಾಡೋರಿಗೆ ಸರಿ.

ಬನಾರಸ್_ಬಾಡಿಗೆಮನೆ:
ಹಾಂ, ಆ ಮಧ್ಯಾಹ್ನದ ಮಾತು ಮುಖ್ಯ. ಹಿರಿಯರ ಜೊತೆ ಬಂದ್ರೆ ದಿನಕ್ಕೆ ಎರಡು ಸಲ ರೂಮಿಗೆ ಬರೋದು ಇದ್ದೇ ಇದೆ. ಬೆಳಗಿನ ದರ್ಶನ ಮುಗಿಸಿ ಒಮ್ಮೆ, ಸಂಜೆ ಆರತಿಗೆ ಮುಂಚೆ ಒಮ್ಮೆ. ಹಾಗಾಗಿ ಮೆಟ್ಟಿಲನ್ನೂ ಗಲ್ಲಿಯನ್ನೂ ಎರಡರಿಂದ ಗುಣಿಸಿ ನೋಡಿ. ವಿಶ್ವನಾಥ ಗಲ್ಲಿಯ ರೂಮಿಗೆ ಒಂದು ಸಂದರ್ಭದಲ್ಲಿ ಮಾತ್ರ ನಾನು ಹೂಂ ಅಂತೀನಿ: ಬೆಳಗಿನ ಜಾವ ಮೂರರ ಮಂಗಳಾರತಿಗೆ ಟಿಕೆಟ್ ಮಾಡಿಸಿದ್ರೆ. ಆ ಹೊತ್ತಿಗೆ ದೂರದಿಂದ ಬರೋದು ಕಷ್ಟ.

ಇನ್ನೊಂದು, 2021ರ ಡಿಸೆಂಬರ್‌ನಲ್ಲಿ ವಿಶ್ವನಾಥ ದೇವಸ್ಥಾನದ ಕಾರಿಡಾರ್ ತೆರೆದ ಮೇಲೆ ಹಳೇ ಬ್ಲಾಗುಗಳಲ್ಲಿರೋ "ಈ ಗಲ್ಲಿ ಹಿಡಿದು ಆ ಗಲ್ಲಿಗೆ ಹೋಗಿ" ಅನ್ನೋ ದಾರಿಗಳೆಷ್ಟೋ ಈಗಿಲ್ಲ. ಈಗ ಗೇಟ್ ನಂಬರ್ ಹೇಳ್ತಾರೆ. ಹೋಟೆಲಿನವರನ್ನ "ನಿಮಗೆ ಹತ್ತಿರದ ಗೇಟ್ ಯಾವುದು" ಅಂತ ಕೇಳಿ. ಒಳಗೆ ಮೊಬೈಲ್ ಬಿಡಲ್ಲ, ರೂಮಿನಲ್ಲೇ ಇಟ್ಟು ಹೋಗೋದು ಒಳ್ಳೇದು. ಹಿರಿಯರಿಗೆ ಗಾಲಿಕುರ್ಚಿ ಕೇಳಿದ್ರೆ ಸಿಗತ್ತೆ. ದೋಣಿ ಹತ್ತೋಕೆ ಮೆಟ್ಟಿಲು ಕಷ್ಟ ಆದ್ರೆ ನಮೋ ಘಾಟ್‌ನಲ್ಲಿ ಇಳಿಜಾರು ದಾರಿ ಇದೆ.

ನೇರಳೆಮರ:
ಡಿಸೆಂಬರ್ ಮೊದಲ ವಾರಕ್ಕೆ ಬದಲಾಯಿಸ್ದೆ. ಇವತ್ತು ಕೂತು ಫೋನ್ ಮಾಡಿದ್ದೇ ಮಾಡಿದ್ದು.

ವಿಶ್ವನಾಥ ಗಲ್ಲಿಯವರು: "ಆಟೋ ಗೋದೌಲಿಯಾದಲ್ಲಿ ನಿಲ್ಲತ್ತೆ, ಅಲ್ಲಿಂದ ಬರೀ ದೋ ಮಿನಿಟ್." ಆಟೋ ನಿಲ್ಲೋ ಜಾಗದಿಂದ ರೂಮಿನವರೆಗೂ ನಡ್ಕೊಂಡು ಬಂದು ವಿಡಿಯೋ ಕಳ್ಸಿ ಅಂದೆ. ಪಾಪ, ಹುಡುಗ ಕಳಿಸಿದ. ಚೌಕದಲ್ಲಿ ಶುರು, ಸೀರೆ ಅಂಗಡಿ ಸಾಲು, ಎಡಕ್ಕೊಂದು ಗಲ್ಲಿ, ಪಾನ್ ಅಂಗಡಿ ಹತ್ರ ಬಲಕ್ಕೆ, ಅಲ್ಲಿ ಚರಂಡಿ ಮೇಲೆ ಅಲುಗಾಡೋ ಚಪ್ಪಡಿ, ಒಂದು ಹಸು ಯಾರದೋ ಹೊಸಿಲೊಳಗೆ ಅರ್ಧ ಮೈ ತೂರಿಸಿ ನಿಂತಿದೆ, ಅದರ ಬಾಲ ಸರಿಸಿ ಮುಂದೆ. ಒಂಬತ್ತು ನಿಮಿಷದ ವಿಡಿಯೋ, ಅವನು ಓಡ್ತಿದ್ದಾನೆ ಬೇರೆ! ಬಾಗಿಲಲ್ಲಿ ಮೊಣಕಾಲೆತ್ತರದ ಹೊಸಿಲು, ಒಳಗೆ ರಿಸೆಪ್ಷನ್‌ಗೆ 22 ಮೆಟ್ಟಿಲು. ಅಮ್ಮ ಪಕ್ಕದಲ್ಲೇ ಕೂತು ನೋಡಿದ್ರು. ಹಸು ಚೆನ್ನಾಗಿದೆ ಅಂದ್ರು, ಅಷ್ಟೆ.

ಅಸ್ಸಿಯದು ಎಲ್ಲ ಸರಿ, ಖಾಲಿ ಇರೋದು ಎರಡನೇ ಮಹಡಿ ಮಾತ್ರ. ಜಂಗಮವಾಡಿಗೆ ಮಾಡ್ದೆ, ಪ್ರೀತಿಯಿಂದ ಮಾತಾಡಿದ್ರು, ಇಂಥದೇ ರೂಮು ಅಂತ ಈಗಲೇ ಹೇಳೋಕಾಗಲ್ಲ ಅಂದ್ರು. ಅಪ್ಪನಿಗೆ ಆ ಲಿಂಗದ ಸಾಲು ನೋಡ್ಬೇಕಂತೆ, ಹೋಗಿ ಬರ್ತೀವಿ.

ಕೇದಾರದ ಕಡೆ, ಸೋನಾರಪುರ ರಸ್ತೆಯಿಂದ ಒಂದು ತಿರುವಿನಲ್ಲಿ, ಎಂಟು ರೂಮಿನ ಒಂದು ಮನೆ ಸಿಕ್ತು. ನೆಲಮಹಡಿ ರೂಮು, ಬಾಗಿಲಿಗೆ ಮೂರು ಮೆಟ್ಟಿಲು, ಹಿಡ್ಕೊಳ್ಳೋಕೆ ಕಂಬಿ ಇದೆ. ಇ-ರಿಕ್ಷಾ ಬಾಗಿಲಿಗೇ ಬರತ್ತಂತೆ. ಗಂಗೆ ಕಾಣಲ್ಲ. ಕಿಟಕಿಗೆ ಒಂದು ಬೇವಿನ ಮರ ಕಾಣತ್ತೆ. 2200. ಹಿಡಿದುಬಿಡಲಾ?

ಬನಾರಸ್_ಬಾಡಿಗೆಮನೆ:
ಬಿಸಿನೀರು ಕೇಳಿದ್ರಾ? ಸಣ್ಣ ಜಾಗಗಳಲ್ಲಿ ಬೆಳಿಗ್ಗೆ ಇಷ್ಟೊತ್ತಿಂದ ಇಷ್ಟೊತ್ತಿಗೆ ಅಂತ ಇರತ್ತೆ, ಡಿಸೆಂಬರ್‌ನಲ್ಲಿ ಅದು ಸಾಲಲ್ಲ. ನೆಲಮಹಡಿ ಅಂದ್ರೆ ತೇವದ ವಾಸನೆ ಇರಬಹುದು, ಕಿಟಕಿ ನಿಜವಾಗ್ಲೂ ತೆಗೆಯೋಕಾಗತ್ತಾ ಕೇಳಿ. ಎರಡಕ್ಕೂ ಹೌದು ಅಂದ್ರೆ ಕಣ್ಮುಚ್ಚಿ ಹಿಡೀರಿ. ಬಾಬತ್‌ಪುರ ವಿಮಾನ ನಿಲ್ದಾಣ ಊರಿಂದ 25 ಕಿ.ಮೀ. ಆಸುಪಾಸು, ಟ್ಯಾಕ್ಸಿಯವನಿಗೆ "ಸೋನಾರಪುರ ಚೌರಾಹಾ" ಅಂತ ಹೇಳಿ. ಹೋಟೆಲ್ ಹೆಸರು ಹೇಳಿದ್ರೆ ಅದು ಮುಚ್ಚಿದೆ, ಬೇರೆ ತೋರಿಸ್ತೀನಿ ಅನ್ನೋರೂ ಇದ್ದಾರೆ.

ಕ್ಯಾಮೆರಾ_ಕಣ್ಣು:
ಬೇವಿನ ಮರಕ್ಕೆ 2200 ಕೊಡ್ತೀರಾ! ಸರಿ, ಅಪ್ಪನನ್ನಾದ್ರೂ ಒಂದು ಬೆಳಿಗ್ಗೆ ಐದೂವರೆಗೆ ಕೇದಾರದ ಮೆಟ್ಟಿಲಿಗೆ ಕರ್ಕೊಂಡು ಹೋಗಿ.

ನೇರಳೆಮರ:
ಗೀಸರ್ ರೂಮಲ್ಲೇ ಇದೆ, ಕಿಟಕಿ ತೆಗೆದು ತೋರ್ಸಿದ್ರು, ಬುಕ್ ಮಾಡ್ದೆ. ಎಲ್ಲರಿಗೂ ಥ್ಯಾಂಕ್ಸ್. ಕ್ಯಾಮೆರಾದವರೇ, ಅಪ್ಪ ಐದೂವರೆ ಯಾಕೆ, ನಾಲ್ಕಕ್ಕೇ ಎದ್ದು ನನ್ನ ಎಬ್ಬಿಸ್ತಾರೆ.

ಹೊಸಬೆಳಕು:
ನಾವು ಮೈಸೂರಿಂದ ರೈಲಲ್ಲಿ ಬರೋರು, ಇದೇ ಕೇರಿಯಲ್ಲೇ ನೋಡ್ತಿದ್ದೀವಿ. ಬನಾರಸ್ ಅಂತ ಒಂದು ಸ್ಟೇಷನ್, ವಾರಾಣಸಿ ಅಂತ ಒಂದು ತೋರಿಸ್ತಿದೆ. ಎರಡೂ ಒಂದೇನಾ?

ಬನಾರಸ್_ಬಾಡಿಗೆಮನೆ:
ಬೇರೆ ಬೇರೆ. ಸ್ಟೇಷನ್ ಕೋಡ್ ಬಿಎಸ್‌ಬಿ ಅಂದ್ರೆ ವಾರಾಣಸಿ ಜಂಕ್ಷನ್, ಇಲ್ಲಿಯವರ ಬಾಯಲ್ಲಿ ಕ್ಯಾಂಟ್. ಬಿಎಸ್‌ಬಿಎಸ್ ಅಂದ್ರೆ ಬನಾರಸ್, ಹಳೇ ಮಂಡುವಾಡೀಹ್, 2021ರಲ್ಲಿ ಹೆಸರು ಬದಲಾಯ್ತು. ಎರಡರಿಂದಲೂ ಸೋನಾರಪುರಕ್ಕೆ ಆಟೋ ಸಿಗತ್ತೆ. ಡಿಡಿಯು ಅಂತಿದ್ರೆ ಅದು ಮೊಘಲ್‌ಸರಾಯ್, ಗಂಗೆಯ ಆಚೆ ದಡ, ಅಲ್ಲಿಂದ ಊರಿಗೆ ಒಂದು ಗಂಟೆ ಇಟ್ಕೊಳ್ಳಿ. ಮೈಸೂರು–ವಾರಾಣಸಿ ಎಕ್ಸ್‌ಪ್ರೆಸ್ ದಿನಾ ಇಲ್ಲ, ವಾರದಲ್ಲಿ ಎರಡೇ ಸಲ. ಮೊದಲು ರೈಲಿನ ದಿನ ನೋಡಿ, ಆಮೇಲೆ ರೂಮು.